ಬ್ರೇಕು ಕಿರುಗುಟ್ಟಿದಾಗ
(ಗುಮ್ಮಳಾಪುರದ ಕೂಟದಲ್ಲಿ ಆಡಿದ ಮಾತುಗಳು)



ಈ ಸಾಯಂಕಾಲ ನಾನು ಮಾತನಾಡಬೇಕಾದ ವಿಷಯ ಪಿಕಪ್ ಗಾಡಿಯ ಬ್ರೇಕು. ಅದರಲ್ಲಿಯೂ ಬ್ರೇಕು ಕಿರುಗುಟ್ಟುವುದು ಏಕೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದು. ಇದು ಡ್ರೈವರುಗಳಿಗೆ ಹೇಳಬೇಕಾದ ಮಾತಲ್ಲವೇ, ತೋಟದಲ್ಲಿ ಹೂ ಬಿಡಿಸುವ ನಮಗೇಕೆ ಎಂದು ಇಲ್ಲಿ ಕುಳಿತಿರುವ ಅಕ್ಕಂದಿರು ಕೇಳಬಹುದು. ಗಾಡಿ ನಡೆಸುವವನು ಒಬ್ಬನೇ. ಅದರ ಹಿಂದೆ ನಿಂತುಕೊಂಡೋ ಕುಕ್ಕರಗಾಲಲ್ಲಿ ಕುಳಿತುಕೊಂಡೋ ಕೆಲಸಕ್ಕೆ ಹೋಗಿಬರುವವರು ಹತ್ತು ಹದಿನೈದು ಮಂದಿ. ಆದಕಾರಣ ಆ ಬ್ರೇಕನ್ನು ನಂಬಿ ಕುಳಿತಿರುವವರಲ್ಲಿ ನೀವೇ ಹೆಚ್ಚು. ಮೇಲಾಗಿ ಚಕ್ರದ ಸದ್ದು ಮುಂದೆ ಕುಳಿತವನಿಗಿಂತ ಹಿಂದೆ ಇರುವವರಿಗೆ ಚೆನ್ನಾಗಿ ಕೇಳಿಸುತ್ತದೆ. ಡ್ರೈವರ್ ಕಿಟಕಿ ಏರಿಸಿ ಹಾಡು ಹಾಕಿಕೊಂಡಿರಬಹುದು. ಹಿಂದೆ ಇರುವವರಿಗೆ ಕಿಟಕಿಯೂ ಇಲ್ಲ, ಹಾಡೂ ಇಲ್ಲ.

ನಮ್ಮ ಸೀಮೆ ಎತ್ತರದ ಸೀಮೆ. ಗುಮ್ಮಳಾಪುರ, ತಳಿ, ಜವಳಗಿರಿ, ಡೆಂಕಣಿಕೋಟೆ, ಹೊಸೂರು, ಇವೆಲ್ಲ ಪ್ರಸ್ಥಭೂಮಿಯ ಮೇಲಿನ ಊರುಗಳು. ಇಲ್ಲಿಂದ ತೆಂಕಣಕ್ಕೆ ಹೋಗಬೇಕಾದರೆ ಎಲ್ಲಿಯಾದರೂ ಇಳಿಯಲೇಬೇಕು. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವವರು ಕಾಡಿನ ತಿರುವುಗಳಲ್ಲಿ ಇಳಿಯುತ್ತಾರೆ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವವರಿಗೆ ಶೂಳಗಿರಿಯ ಆಚೆ ಇಳಿಜಾರು ಇದೆ. ಸೇಲಂ ಕಡೆಗೆ ಮೂಟೆ ಹೊರುವವರಿಗೆ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಇದೆ. ಅಲ್ಲಿ ಲಾರಿಗಳು ಉರುಳಿದ ಸುದ್ದಿಯನ್ನು ನಾವು ಎಷ್ಟು ಸಲ ಕೇಳಿಲ್ಲ! ಏರುವಾಗ ಗಾಡಿಗೆ ಎಂಜಿನ್ ಬೇಕು. ಇಳಿಯುವಾಗ ಬೇಕಾದುದು ಬ್ರೇಕು.

2024ರ ಮೇ 20ರಂದು ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯಲ್ಲಿ ನಡೆದುದನ್ನು ನೆನೆಯಿರಿ. ಕಾಡಿನಲ್ಲಿ ಬೀಡಿ ಎಲೆ ಕೊಯ್ದು ಮನೆಗೆ ಮರಳುತ್ತಿದ್ದ ಕೂಲಿಕಾರರನ್ನು ತುಂಬಿಕೊಂಡಿದ್ದ ಪಿಕಪ್ ಒಂದು ಕಣಿವೆಗೆ ಉರುಳಿತು. 19 ಮಂದಿ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು. ನಮ್ಮಂತೆಯೇ ದಿನಗೂಲಿಯವರು, ನಮ್ಮಂತೆಯೇ ಸರಕಿನ ಗಾಡಿಯಲ್ಲಿ ನಿಂತು ಬರುತ್ತಿದ್ದವರು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಗಾಡಿಯ ಯೋಗಕ್ಷೇಮ ಅದರಲ್ಲಿ ಹೋಗುವವರೆಲ್ಲರ ಮಾತು ಎಂದು ತಿಳಿಸಲು ಹೇಳಿದೆ.

ಮೊದಲು ಬ್ರೇಕು ಕೆಲಸ ಮಾಡುವ ಬಗೆಯನ್ನು ತಿಳಿಯೋಣ. ಈಗಿನ ಬಹುಪಾಲು ಪಿಕಪ್ ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕು ಇರುತ್ತದೆ. ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಆ ಇಕ್ಕಳಕ್ಕೆ ಕ್ಯಾಲಿಪರ್ ಎಂದು ಹೆಸರು. ಡ್ರಮ್ ಎಂದರೆ ಮುಚ್ಚಿದ ಡಬರಿ. ಅದರ ಒಳಗೆ ಅರ್ಧಚಂದ್ರದಂತಿರುವ ಎರಡು ಶೂಗಳು ಹೊರಕ್ಕೆ ಅಗಲಿಸಿ ಒತ್ತುತ್ತವೆ. ನಾವು ಪೆಡಲ್ ತುಳಿದಾಗ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಆ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುತ್ತದೆ. ಪ್ಯಾಡು ತಿಕ್ಕುತ್ತದೆ, ಓಟವೆಲ್ಲ ಬಿಸಿಯಾಗಿ ಮಾರ್ಪಡುತ್ತದೆ, ಗಾಡಿ ನಿಲ್ಲುತ್ತದೆ. ಭಾರ ಎರಡರಷ್ಟಾದರೆ ಹುಟ್ಟುವ ಬಿಸಿಯೂ ಎರಡರಷ್ಟು. ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಈ ಒಂದು ಲೆಕ್ಕವನ್ನು ಮರೆಯಬೇಡಿ.

ಬಾವಿಯ ರಾಟೆ ಕಿರುಗುಟ್ಟಿದರೆ ನಾವು ನಾಲ್ಕು ತೊಟ್ಟು ಎಣ್ಣೆ ಬಿಡುತ್ತೇವೆ. ಸದ್ದು ಅಡಗುತ್ತದೆ. ಇದೇ ಬುದ್ಧಿಯನ್ನು ಬ್ರೇಕಿಗೆ ಬಳಸಬಾರದು. ರಾಟೆ ಜಾರಬೇಕು, ಬ್ರೇಕು ಹಿಡಿಯಬೇಕು. ಲೈನಿಂಗಿಗೆ ಎಣ್ಣೆಯೋ ಡೀಸೆಲೋ ತಗುಲಿದರೆ ಸದ್ದು ನಿಲ್ಲುವುದು ನಿಜ. ಗಾಡಿ ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಸದ್ದು ಏಕೆ ಬರುತ್ತದೆ? ಸ್ಲೇಟಿನ ಮೇಲೆ ಬಳಪವನ್ನು ಒಂದು ರೀತಿಯಲ್ಲಿ ಹಿಡಿದರೆ ಕೀಚೆನ್ನುತ್ತದೆ, ಸ್ವಲ್ಪ ಓರೆ ಮಾಡಿದರೆ ಸುಮ್ಮನಾಗುತ್ತದೆ. ಬಳಪ ಅಂಟಿ ಜಾರಿ, ಅಂಟಿ ಜಾರಿ ಬಹು ವೇಗವಾಗಿ ನಡುಗುವುದರಿಂದ ಆ ಕೀರಲು ಹುಟ್ಟುತ್ತದೆ. ಪ್ಯಾಡೂ ಹಾಗೆಯೇ. ಈ ತೊಂದರೆ ಹೊಸದೇನಲ್ಲ. 1902ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಎಂಬಾತ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗಲೇ ಅದರ ತಾಮ್ರದ ಪ್ಯಾಡುಗಳ ಕಿರುಚಾಟ ಸಹಿಸಲಾಗದ್ದಾಗಿತ್ತು. ಅದೇ ದೇಶದ ಹರ್ಬರ್ಟ್ ಫ್ರೂಡ್ ಎಂಬಾತ ಆಸ್‌ಬೆಸ್ಟಾಸ್ ನಾರಿನ ಲೈನಿಂಗ್ ತಂದ ಮೇಲೆ ಸದ್ದು ಬಹಳಷ್ಟು ಇಳಿಯಿತು. ಆದರೆ ಆ ನಾರು ದುಡಿಯುವವರ ಎದೆಗೆ ಏನು ಮಾಡಿತೆಂಬುದನ್ನು ಮುಂದೆ ಹೇಳುತ್ತೇನೆ.

ಎಲ್ಲ ಸದ್ದುಗಳೂ ಒಂದೇ ಅಲ್ಲ. ಮಗು ಅತ್ತರೆ ತಾಯಿಗೆ ಅದು ಹಸಿವಿನ ಅಳುವೋ ನೋವಿನ ಅಳುವೋ ಎಂದು ತಿಳಿಯುತ್ತದೆ. ಅಂತೆಯೇ ಬ್ರೇಕಿನ ಸದ್ದನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

ಒಂದನೆಯದು ಮುಂಜಾನೆಯ ಸದ್ದು. ರಾತ್ರಿ ಮಂಜು ಬಿದ್ದು ಅಥವಾ ಮಳೆ ಬಂದು ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಹಿಡಿದಿರುತ್ತದೆ. ಬೆಳಗ್ಗೆ ಮೊದಲ ನಾಲ್ಕೈದು ಸಲ ತುಳಿಯುವಾಗ ಕರಕರ ಅಂದು ಆಮೇಲೆ ಸುಮ್ಮನಾಗುತ್ತದೆ. ಇದಕ್ಕೆ ಯಾವ ರಿಪೇರಿಯೂ ಬೇಡ.

ಎರಡನೆಯದು ಮೆಲ್ಲಗೆ ತುಳಿದಾಗ ಬರುವ ಸಣ್ಣ ಕೀರಲು. ದಿನವೆಲ್ಲ ಬರುತ್ತಲೇ ಇರುತ್ತದೆ. ಬ್ರೇಕು ಕಾದು ಕಾದು ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿರಬಹುದು. ಮಣ್ಣುರಸ್ತೆಯ ಧೂಳು ಸೇರಿರಬಹುದು. ಪ್ಯಾಡನ್ನು ಅಲುಗದಂತೆ ಹಿಡಿಯುವ ಕ್ಲಿಪ್ಪುಗಳನ್ನು, ಬೆನ್ನಿಗೆ ಕೊಡುವ ತೆಳು ತಗಡನ್ನು ಹಿಂದಿನ ಸಲ ಬಿಚ್ಚಿದವರು ಮರಳಿ ಹಾಕದೆ ಬಿಟ್ಟಿರಬಹುದು. ಇನ್ನೊಂದು ಕಾರಣವೂ ಉಂಟು. ಕೆಲವು ಪ್ಯಾಡುಗಳಲ್ಲಿ ಸಣ್ಣದೊಂದು ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದು ಮುಗಿಯುತ್ತ ಬಂದಾಗ ಅದು ಡಿಸ್ಕಿಗೆ ತಗುಲಿ ಕೀಚಿಡುತ್ತದೆ. ತಯಾರಿಸಿದವರು ಬೇಕೆಂದೇ ಇಟ್ಟ ಎಚ್ಚರಿಕೆಯ ಗಂಟೆ ಅದು. ಆದಕಾರಣ ಈ ಸದ್ದು ಕೇಳಿದರೆ ಆ ವಾರದೊಳಗೆ ಚಕ್ರ ಬಿಚ್ಚಿ ನೋಡಬೇಕು.

ಮೂರನೆಯದು ಗರಗರ ಎಂಬ ಒರಟು ಸದ್ದು. ಬೀಸುವ ಕಲ್ಲಿನಲ್ಲಿ ರಾಗಿ ಮುಗಿದ ಮೇಲೂ ತಿರುಗಿಸುತ್ತಿದ್ದರೆ ಕಲ್ಲಿಗೆ ಕಲ್ಲು ತಿಕ್ಕುವುದಲ್ಲವೇ, ಅದೇ ಸದ್ದು. ಲೈನಿಂಗು ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ ಎಂದರ್ಥ. ಪೆಡಲಿಗೆ ನಡುಕವೂ ಬರಬಹುದು. ಇಂಥ ಗಾಡಿಯಲ್ಲಿ ಒಬ್ಬರೂ ಹತ್ತಬಾರದು. ನಾಳೆ ನೋಡೋಣ ಎನ್ನುವ ಮಾತೇ ಇಲ್ಲ.

ನಾಲ್ಕನೆಯದು ಬ್ರೇಕು ತುಳಿಯದಿದ್ದಾಗಲೂ ಬರುವ ಸದ್ದು. ಒಂದು ಬೆಣಚುಕಲ್ಲು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿರಬಹುದು. ಕ್ಯಾಲಿಪರ್ ಜಾರುವ ಪಿನ್ನು ಒಣಗಿ ಹಿಡಿದುಕೊಂಡು ಪ್ಯಾಡು ಬಿಡದೆ ಉಜ್ಜುತ್ತಿರಬಹುದು. ಹ್ಯಾಂಡ್ ಬ್ರೇಕು ಪೂರ್ತಿ ಇಳಿದಿರಲಿಕ್ಕಿಲ್ಲ. ಬೇರಿಂಗ್ ಹೋಗಿದ್ದರೂ ಸದ್ದು ಬರುತ್ತದೆ. ಇದನ್ನು ಕಂಡುಹಿಡಿಯುವ ಸುಲಭ ಉಪಾಯವಿದೆ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಹತ್ತಿರವೂ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಅದರ ಜೊತೆಯ ಚಕ್ರಕ್ಕಿಂತ ಬಹಳ ಕಾದಿದ್ದರೆ, ಕಮಟು ವಾಸನೆ ಬರುತ್ತಿದ್ದರೆ, ಕಳ್ಳ ಅಲ್ಲಿಯೇ ಇದ್ದಾನೆ.

ಸದ್ದಿನ ಜೊತೆಗೆ ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಪೆಡಲ್ ಮೆತ್ತಗಾಗಿ ಕೆಳಕ್ಕಿಳಿದರೆ, ಚಕ್ರದ ಒಳಮೈಯಲ್ಲಿ ಎಣ್ಣೆಯ ಜಾಡು ಕಂಡರೆ, ಆ ಗಾಡಿ ಮೆಕ್ಯಾನಿಕ್ ನೋಡುವ ತನಕ ರಸ್ತೆಗಿಳಿಯಬಾರದು.

ಇನ್ನು ಬಿಚ್ಚಿ ನೋಡುವ ಕ್ರಮ. ಬ್ರೇಕಿನ ಕೆಲಸ ತಿಳಿಯದವರು ಒಬ್ಬರೇ ಕೈಹಾಕಬಾರದು. ಬಲ್ಲವರ ಜೊತೆ ಕುಳಿತು ಕಲಿಯಬೇಕು. ನಮ್ಮ ಹುಡುಗರಿಗೆ ಇದು ಕಷ್ಟದ ವಿದ್ಯೆಯಲ್ಲ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಹೊಸೂರಿಗೆ ಬಂದಂದಿನಿಂದ ಈ ಸೀಮೆಯಲ್ಲಿ ಸ್ಪಾನರ್ ಹಿಡಿದ ಕೈಗಳಿಗೆ ಕೊರತೆಯಿಲ್ಲ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎತ್ತದಿರುವ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಿ. ಹಿಂದಿನ ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕು ಇಳಿಸಬೇಕಾಗುವುದರಿಂದ ಈ ಕಲ್ಲುಗಳೇ ಗಾಡಿಗೆ ಆಸರೆ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ. ಎತ್ತಿದ ಮೇಲೆ ಜಾಕಿಯೊಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಪ್ಯಾಡಿನ ಲೈನಿಂಗು ಎಷ್ಟು ಉಳಿದಿದೆ ನೋಡಿ. ಸುಮಾರು 3 ಮಿಲಿಮೀಟರ್‌ಗೆ ಬಂದಿದ್ದರೆ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು, ಬದಲಾಯಿಸುವ ಕಾಲ ಬಂದಿದೆ. ಒಳಗಿನ ಪ್ಯಾಡನ್ನೂ ನೋಡಿ. ಹೊರಗಿನದು ದಪ್ಪವಿದ್ದು ಒಳಗಿನದು ಸವೆದಿದ್ದರೆ ಪಿನ್ನು ಹಿಡಿದುಕೊಂಡಿದೆ ಎಂದು ತಿಳಿಯಿರಿ. ಹಿಂದಿನ ಶೂಗಳಲ್ಲಿ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿದ್ದರೆ, ರಿವೆಟ್ಟಿನ ತಲೆ ಮೇಲೆ ಕಾಣುವ ತನಕ ಕಾಯಬಾರದು. ಆ ತಲೆ ಡ್ರಮ್ಮನ್ನು ಕೊರೆಯುತ್ತದೆ. ಪ್ಯಾಡು, ಶೂಗಳನ್ನು ಒಂದೇ ಚಕ್ರಕ್ಕೆ ಬದಲಾಯಿಸಬಾರದು. ಎಡ ಬಲ ಎರಡಕ್ಕೂ ಹಾಕಬೇಕು, ಇಲ್ಲವಾದರೆ ಗಾಡಿ ಎಳೆಯುತ್ತದೆ.

ಲೈನಿಂಗು ಸಾಕಷ್ಟಿದ್ದು ಮೈ ಮಾತ್ರ ಗಾಜಿನಂತಾಗಿದ್ದರೆ ನೀರಿನಲ್ಲಿ ನೆನೆಸಿದ ಮರಳುಕಾಗದದಿಂದ ಹಗುರವಾಗಿ ಉಜ್ಜಿದರೆ ಸಾಕು. ಪಿನ್ನುಗಳನ್ನು ಬಿಚ್ಚಿ ಒರೆಸಿ, ಬಿಸಿ ತಾಳುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಬೇಕು. ಪ್ಯಾಡಿನ ಬೆನ್ನು ಕೂರುವ ಜಾಗಕ್ಕೂ, ಡ್ರಮ್ಮಿನೊಳಗೆ ಶೂ ಒರಗುವ ತಟ್ಟೆಯ ಗುರುತುಗಳಿಗೂ ಇದೇ ಗ್ರೀಸು. ತಿಕ್ಕುವ ಮೈಗೆ ಮಾತ್ರ ಬೆರಳಿನ ಜಿಡ್ಡೂ ತಗುಲಬಾರದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಅದು ಪ್ರಯೋಜನವಿಲ್ಲ. ಮೊದಲು ಸೋರಿಕೆಯನ್ನು ನಿಲ್ಲಿಸಬೇಕು, ಬಳಿಕ ಹೊಸ ಲೈನಿಂಗು ಹಾಕಬೇಕು. ಡಿಸ್ಕಿನಲ್ಲಿ ಆಳದ ಗೀರು ಬಿದ್ದಿದ್ದರೆ ಲೇತಿನಲ್ಲಿ ಸಮ ಮಾಡಿಸಬಹುದು. ಆದರೆ ಎಷ್ಟು ತೆಳ್ಳಗಾಗುವ ತನಕ ಬಳಸಬಹುದೆಂಬುದಕ್ಕೆ ಮಿತಿ ಉಂಟು, ಅದನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಆ ಮಿತಿ ದಾಟಿದ್ದನ್ನು ಗುಜರಿಗೆ ಹಾಕಬೇಕು.

ಎಲ್ಲ ಜೋಡಿಸಿದ ಮೇಲೆ, ಗಾಡಿ ಕದಲಿಸುವ ಮುಂಚೆ, ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ತುಳಿಯಿರಿ. ಹೊಸ ಪ್ಯಾಡು ಹಾಕಿದ ಮೇಲೆ ಮೊದಲ ತುಳಿತಕ್ಕೆ ಬ್ರೇಕು ಇರುವುದಿಲ್ಲ. ಇದನ್ನು ಮರೆತು ಗಾಡಿಯನ್ನು ಗೋಡೆಗೆ ಹೊಡೆದವರು ಎಷ್ಟೋ ಮಂದಿ. ಬ್ರೇಕ್ ಆಯಿಲ್ ಮಟ್ಟ ನೋಡಿ. ಪ್ಯಾಡು ಸವೆದಂತೆ ಡಬ್ಬಿಯ ಮಟ್ಟ ತಾನೇ ಇಳಿಯುತ್ತದೆ, ಆದಕಾರಣ ಮಟ್ಟ ಇಳಿದಾಗ ಸುಮ್ಮನೆ ತುಂಬಿಸದೆ ಪ್ಯಾಡನ್ನೂ ಸೋರಿಕೆಯನ್ನೂ ನೋಡಬೇಕು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಹೊಸ ಪ್ಯಾಡಿನೊಡನೆ ಮೊದಲ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ತುಳಿದು ನಿಲ್ಲಿಸುತ್ತ ಪ್ಯಾಡನ್ನು ಪಳಗಿಸಿ. ಆ ದಿನ ಹೊರೆ ಬೇಡ, ಘಾಟಿಯೂ ಬೇಡ.

ಈಗ ಧೂಳಿನ ಮಾತು. ಡ್ರಮ್ ತೆಗೆದಾಗ ಒಳಗೆ ಬೂದಿಯಂತಹ ಪುಡಿ ಇರುತ್ತದೆ. ಅದನ್ನು ಬಾಯಲ್ಲಿ ಊದುವುದು, ಗಾಳಿಯ ಪೈಪು ಹಿಡಿದು ಹಾರಿಸುವುದು ವರ್ಕ್‌ಶಾಪುಗಳಲ್ಲಿ ವಾಡಿಕೆ. ಅದನ್ನು ಬಿಡಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಕಣ್ಣಿಗೆ ಕಾಣದ ನಾರು ಶ್ವಾಸಕೋಶಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಉಸಿರಾಟದ ಕಾಯಿಲೆಯಾಗಿ, ಕ್ಯಾನ್ಸರ್ ಆಗಿ ಹೊರಬರಬಹುದು. ಆಸ್‌ಬೆಸ್ಟಾಸ್ ಇಲ್ಲದ ಲೈನಿಂಗುಗಳು ಈಗ ಧಾರಾಳವಾಗಿ ಸಿಗುತ್ತವೆ, ಕೇಳಿ ಕೊಳ್ಳಿರಿ. ಆದರೆ ಬಿಚ್ಚುತ್ತಿರುವ ಹಳೆಯದು ಯಾವ ಬಗೆಯದೆಂದು ಕಣ್ಣಿಂದ ನೋಡಿ ಹೇಳಲಾಗದು. ಆದಕಾರಣ ಎಲ್ಲ ಧೂಳನ್ನೂ ಕೆಟ್ಟದ್ದೆಂದೇ ತಿಳಿದು, ಸಾಬೂನು ನೀರಿನಿಂದ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ತಾಯಂದಿರು ಮೆಕ್ಯಾನಿಕ್ ಕೆಲಸಕ್ಕೆ ಹೋಗುವ ಮಗನ ಬಟ್ಟೆಯನ್ನು ಒಣಗಿದ್ದಾಗ ಕೊಡವದೆ, ಬೇರೆಯಾಗಿ ನೆನೆಸಿ ಒಗೆಯಿರಿ.

ಕಾದ ಡ್ರಮ್ಮಿಗೆ ನೀರು ಎರಚುವುದೂ ತಪ್ಪು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರಿಯಬಹುದು. ನೆರಳಿನಲ್ಲಿ ನಿಲ್ಲಿಸಿ, ತಾನೇ ಆರಲಿ.

ಡ್ರೈವರ್ ತಮ್ಮಂದಿರಿಗೆ ಎರಡು ಮಾತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು, ಎಂಜಿನ್ನನ್ನೇ ಆರಿಸುವುದು ಕೆಲವರ ಅಭ್ಯಾಸ. ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರಿಗೆ ಬಲ ಬರುವುದು ನಿಲ್ಲುತ್ತದೆ. ಎರಡು ಮೂರು ಸಲ ತುಳಿಯುವುದರೊಳಗೆ ಪೆಡಲ್ ಕಲ್ಲಿನಂತಾಗುತ್ತದೆ. ನ್ಯೂಟ್ರಲಿನಲ್ಲಿ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದು, ಲೈನಿಂಗು ಕಾದು ಹಿಡಿತ ಬಿಡುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಕಾದಾಗ ಅದು ಕುದಿದು ಗುಳ್ಳೆಯಾಗಿ, ಪೆಡಲ್ ತಳಕ್ಕೆ ಹೋಗುತ್ತದೆ. ಅದಕ್ಕಾಗಿಯೇ ಎರಡು ವರ್ಷಕ್ಕೊಮ್ಮೆಯಾದರೂ ಆ ಆಯಿಲನ್ನು ಬದಲಾಯಿಸಬೇಕು. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಿಂದಿನ ಲಾರಿ ಡ್ರೈವರುಗಳು ಹೇಳುತ್ತಿದ್ದರು. ಆ ಮಾತು ಇಂದಿಗೂ ಸರಿ.

ಗಾಡಿಯ ಯಜಮಾನರಿಗೂ ಹೇಳಬೇಕಾದುದಿದೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯಕಾರಿ ದೋಷವಿರುವ ಗಾಡಿಯನ್ನು ನಡೆಸುವವನಷ್ಟೇ ಅಲ್ಲ, ನಡೆಸಲು ಬಿಡುವವನೂ ಅಪರಾಧಿ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುತ್ತಿದ್ದ ದೋಷವಾದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಆ ದೋಷದಿಂದ ಅಪಘಾತವಾದರೆ ಮೂರು ತಿಂಗಳ ತನಕ ಸೆರೆವಾಸವೂ ಆಗಬಹುದು. ಇನ್ನು, ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಹತ್ತಿ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿದೆ. ಸರಕಿನ ಗಾಡಿ ಜನ ಸಾಗಿಸಲು ಅಲ್ಲ. ಆಳುಗಳನ್ನು ಕರೆದೊಯ್ಯಲು ಸೀಟು ಇರುವ, ಪರ್ಮಿಟ್ ಇರುವ ಗಾಡಿಯನ್ನು ಕೇಳುವುದು ನಮ್ಮ ಹಕ್ಕು. ಅದು ಸಿಗುವ ತನಕ, ಹತ್ತುವ ಗಾಡಿಯ ಬ್ರೇಕನ್ನಾದರೂ ವಿಚಾರಿಸೋಣ.

ಹೇಗೆ ವಿಚಾರಿಸುವುದು? ಜಗಳವಾಡಬೇಕಾಗಿಲ್ಲ. ಸದ್ದು ಕೇಳಿದವರು ಅದೇ ದಿನ, ಗಾಡಿಯಿಂದ ಇಳಿದ ಕೂಡಲೇ, ‘ಅಣ್ಣಾ, ಹಿಂದಿನ ಎಡಗಡೆ ಚಕ್ರ ತುಳಿದಾಗೆಲ್ಲ ಕಿರುಗುಟ್ಟುತ್ತದೆ’ ಎಂದು ಹೇಳಿರಿ. ಯಾವ ಚಕ್ರ, ತುಳಿದಾಗಲೋ ಸುಮ್ಮನೆ ಓಡುವಾಗಲೋ, ಬೆಳಗ್ಗೆ ಮಾತ್ರವೋ ದಿನವೆಲ್ಲವೋ, ಈ ಮೂರನ್ನು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ನೀವೇ ಮಾಡಿದಂತೆ. ಡ್ರೈವರ್ ಅದನ್ನು ಯಜಮಾನರಿಗೆ ಮುಟ್ಟಿಸಲಿ. ಒಬ್ಬ ಡ್ರೈವರ್ ಹೇಳಿದರೆ ‘ಇವನಿಗೆ ಕೆಲಸ ಮಾಡಲು ಸೋಮಾರಿತನ’ ಎನ್ನುವ ಯಜಮಾನರು ಉಂಟು. ಅಂಥಲ್ಲಿ ಅವನೊಬ್ಬನನ್ನೇ ಮುಂದೆ ಬಿಡದೆ, ಮೇಸ್ತ್ರಿಯನ್ನು ಕರೆದುಕೊಂಡು ನಾಲ್ಕು ಮಂದಿ ಜೊತೆಗೆ ಹೋಗಿ ಹೇಳಿರಿ. ಪ್ಯಾಡು ಸವೆದಾಗಲೇ ಬದಲಾಯಿಸಿದರೆ ಪ್ಯಾಡಿನ ಖರ್ಚು ಮಾತ್ರ. ಬಿಟ್ಟರೆ ಡಿಸ್ಕಿನ ಖರ್ಚೂ ಸೇರುತ್ತದೆ ಎಂಬ ಲೆಕ್ಕವನ್ನು ಯಾವ ಯಜಮಾನರೂ ಒಪ್ಪುತ್ತಾರೆ. ಗರಗರ ಸದ್ದಾದರೆ ಮಾತ್ರ ಲೆಕ್ಕ ಬೇಡ, ವಾದ ಬೇಡ. ಆ ದಿನ ಗಾಡಿ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಹೋದ ಒಂದು ದಿನದ ಕೂಲಿಯನ್ನು ಇನ್ನೊಂದು ದಿನ ದುಡಿಯಬಹುದು.

ಕೂಟ ಮುಗಿದ ಮೇಲೆ ಹೊರಗೆ ನಿಂತಿರುವ ಗಾಡಿಯ ಮುಂದಿನ ಒಂದು ಚಕ್ರವನ್ನು ಬಿಚ್ಚಿ ಪ್ಯಾಡು, ಪಿನ್ನು, ಡಿಸ್ಕು ಯಾವುದು ಎಂದು ತೋರಿಸುತ್ತೇನೆ. ಗಂಡಸರು ಮಾತ್ರವಲ್ಲ, ಅಕ್ಕಂದಿರೂ ಹತ್ತಿರ ಬಂದು ನೋಡಿರಿ. ಒಂದು ರೂಪಾಯಿಯ ಎರಡು ನಾಣ್ಯ ಇದ್ದವರು ತನ್ನಿ, ದಪ್ಪ ಅಳೆದು ನೋಡೋಣ.